ತುಟ್ಟಿ ಉಳ್ಳಾಗಡ್ಡಿಯ ಒಂದು ಹಂಗಾಮು

ಕಳೆದ ತಿಂಗಳು ಶಾಲೆಯ ಹುಡುಗಿಯರ ತಂಡವನ್ನು ಕರೆದುಕೊಂಡು ಛತ್ರಪತಿ ಸಂಭಾಜಿನಗರಕ್ಕೆ ಹೋಗಿದ್ದೆ. ನಾಶಿಕದ ಒಂದು ಶಾಲೆಯಲ್ಲಿ ನಾನು ಬಾಸ್ಕೆಟ್‌ಬಾಲ್ ಕಲಿಸುತ್ತೇನೆ. ಪಂದ್ಯಗಳು ಯಾವ ಕ್ರೀಡಾಂಗಣದಲ್ಲಿ ಎಂದು ಮೊದಲೇ ವಿಚಾರಿಸಿದ್ದರೆ ಏನಾದರೂ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ವಿಚಾರಿಸಿರಲಿಲ್ಲ. ಬಸ್ಸು ಆ ಗೇಟಿನ ಮುಂದೆ ನಿಂತಾಗಲೂ ಅಂಥದ್ದೇನೂ ಅನಿಸಲಿಲ್ಲ. ಒಳಗೆ ಹೋಗಿ, ಆಟಗಾರರ ಕೋಣೆಗಳ ಮುಂದಿನ ಉದ್ದದ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಇಟ್ಟೆನೋ ಇಲ್ಲವೋ, ಆ ವಾಸನೆ ಬಂತು. ನೋವಿಗೆ ಹೊಡೆಯುವ ತಣ್ಣನೆಯ ಸ್ಪ್ರೇ, ನೆಲಕ್ಕೆ ಹಾಸಿದ ರಬ್ಬರು, ಬೆವರಿದ ಬೂಟು, ಮೂರೂ ಬೆರೆತ ವಾಸನೆ. ನನ್ನ ಬಲ ಮೊಣಕಾಲು ತಾನಾಗಿಯೇ ಬಿಗಿಯಾಯಿತು.

ಮೂರು ವರ್ಷದ ಹಿಂದೆ, ಒಂದು ಜೂನ್‌ನಿಂದ ನವೆಂಬರ್‌ವರೆಗೆ, ಈ ಪಡಸಾಲೆಯಲ್ಲಿ ದಿನಕ್ಕೆ ಎರಡು ಸಲ ನಡೆದಿದ್ದೇನೆ. ಆಗ ನನ್ನನ್ನು ಕರೆತಂದದ್ದು ಜಿಗಿಯಲಿಕ್ಕೆ. ನಾನು ಮಾಡುತ್ತಿದ್ದ ದೊಡ್ಡ ಕೆಲಸ ಮಾತ್ರ ಯಾರಿಗೂ ಗೊತ್ತಾಗದಂತೆ ಕುಂಟದೆ ನಡೆಯುವುದು.

ನಾನು ಹುಟ್ಟಿ ಬೆಳೆದದ್ದು ನಾಶಿಕದ ಹತ್ತಿರದ ಓಝರಿನಲ್ಲಿ. ಅಪ್ಪ ಗದಗಿನ ಕಡೆಯವರು. ಇಪ್ಪತ್ತೆರಡನೇ ವಯಸ್ಸಿಗೆ ವಿಮಾನದ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದು, ನಿವೃತ್ತರಾಗುವ ತನಕ ಅಲ್ಲೇ ದುಡಿದರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಮೈದಾನದಲ್ಲಿ ಹಿಂದಿ. ಕನ್ನಡದ ಅಕ್ಷರ ಕಲಿಸಿದ್ದು ಅವ್ವ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ. ಈ ಬರಹದಲ್ಲಿ ತಪ್ಪುಗಳಿದ್ದರೆ ಅವು ಕ್ಯಾಲೆಂಡರಿನವೇ ಹೊರತು ಅವ್ವನವಲ್ಲ.

ನಮ್ಮ ಮನೆಯಲ್ಲಿ, ಅಡಿಗೆಮನೆಯ ಬಾಗಿಲ ಪಕ್ಕ, ಒಂದು ಹಲಗೆ ಇದೆ. ಅದರ ಮೇಲೆ ಅಪ್ಪನ ನಟ್ಟು ಬಿಗಿಯುವ ಪಾನೆ, ಇಕ್ಕಳ, ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ ಎಲ್ಲ ಮೊಳೆಗೆ ನೇತು ಹಾಕಿರುತ್ತವೆ. ಒಂದೊಂದರ ಹಿಂದೆಯೂ ಅದರದರ ಆಕಾರವನ್ನು ಕರಿ ಬಣ್ಣದಲ್ಲಿ ಬರೆದಿದ್ದಾರೆ. ಸಾಮಾನು ಕೈಗೆ ಹೋದರೆ ಹಲಗೆಯ ಮೇಲೆ ಕರಿ ಗುರುತು ಉಳಿಯುತ್ತದೆ. ಯಾವುದು ವಾಪಸು ಬಂದಿಲ್ಲವೆಂದು ಕುರುಡನಿಗೂ ಗೊತ್ತಾಗಬೇಕು. ಕೆಲಸದಲ್ಲಿ ಅಪ್ಪನಿಗೆ ಮೈಗೂಡಿದ್ದ ಪದ್ಧತಿ ಅದು. ಪಾಳಿ ಮುಗಿದಾಗ ಹಲಗೆಯ ಮುಂದೆ ನಿಂತು ಸಾಮಾನು ಎಣಿಸಬೇಕು. ಒಂದೇ ಒಂದು ಕಡಿಮೆ ಬಂದರೂ, ಅದು ಒಳಗೇ ಉಳಿದಿರಬಹುದೆಂದು, ವಿಮಾನ ಜಾಗ ಬಿಟ್ಟು ಕದಲಬಾರದು. ಕಳೆದಿದೆ ಎಂದು ಹೇಳಿದವನನ್ನು ಯಾರೂ ಬೈಯಬಾರದು, ಮುಚ್ಚಿಟ್ಟವನನ್ನು ಯಾರೂ ಉಳಿಸಬಾರದು. ಮನೆಗೆ ಬಂದ ಮೇಲೂ ಅಪ್ಪನಿಗೆ ಈ ಎಣಿಕೆ ತಪ್ಪಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಹಲಗೆಯ ಮುಂದೆ ನಿಂತು ಬೆರಳು ಮಡಿಚುತ್ತ ಎಣಿಸಿ, "ಎಣಿಕಿ ಸರಿ ಐತಿ" ಎಂದು ತಮಗೆ ತಾವೇ ಹೇಳಿಕೊಂಡು ಕೈ ತೊಳೆಯಲು ಹೋಗುತ್ತಿದ್ದರು. ಅವ್ವನ ಲಟ್ಟಣಿಗೆಗೂ ಒಂದು ಗುರುತು ಬರೆದಿದ್ದರು. ನೆಂಟರು ಬಂದಾಗ ಅವ್ವ, ನನ್ನದೂ ಒಂದು ಆಕಾರ ಬರೆದುಬಿಟ್ಟಿದ್ದರೆ ಚೆನ್ನಾಗಿತ್ತು, ಎಲ್ಲಿ ಹೋದೆ ಎಂದು ಹುಡುಕುವುದು ತಪ್ಪುತ್ತಿತ್ತು ಎಂದು ಚೇಷ್ಟೆ ಮಾಡುತ್ತಿದ್ದಳು.

ಅಪ್ಪ ಹೇಳುತ್ತಿದ್ದದ್ದು ಒಂದೇ ಕಥೆ. ನೌಕರಿಗೆ ಸೇರಿದ ಹೊಸದರಲ್ಲಿ ಒಂದು ಸಂಜೆ ಅವರ ಎಣಿಕೆಯಲ್ಲಿ ಒಂದು ಸಾಮಾನು ಕಡಿಮೆ ಬಂತು. ಕೋಲಿನ ತುದಿಗೆ ಕಟ್ಟಿದ ಪುಟ್ಟ ಕನ್ನಡಿ, ಕಣ್ಣು ಹೋಗದ ಸಂದಿಗಳಲ್ಲಿ ಇಣುಕಿ ನೋಡುವುದಕ್ಕೆ. ಆಗಷ್ಟೇ ಮದುವೆಯಾಗಿತ್ತು, ಕೆಲಸ ಕಾಯಂ ಆಗಿರಲಿಲ್ಲ. ಹೇಳಿದರೆ ಗತಿಯೇನು ಎಂದು ಹತ್ತು ನಿಮಿಷ ನಿಂತಿದ್ದರಂತೆ. ಆಮೇಲೆ ಹೋಗಿ ಸಾಹೇಬರಿಗೆ ಹೇಳಿದರು. ಎರಡು ದಿನ ವಿಮಾನದ ಬಿಚ್ಚಬಹುದಾದದ್ದೆಲ್ಲ ಬಿಚ್ಚಿ ಹುಡುಕಿದರು. ಕೊನೆಗೆ ಅದು ಸಿಕ್ಕಿದ್ದು ಅಪ್ಪನದೇ ಕೆಲಸದ ಅಂಗಿಯಲ್ಲಿ, ಹರಿದ ಜೇಬಿನಿಂದ ಜಾರಿ ಅಸ್ತರಿನೊಳಗೆ ಕೂತಿತ್ತು. ಎಲ್ಲರೂ ನಕ್ಕರು. ಸಾಹೇಬರು ಮಾತ್ರ ನಗದೆ ತಮ್ಮ ಮುಂದಿದ್ದ ಚಹಾದ ಕಪ್ಪನ್ನು ಅಪ್ಪನ ಕಡೆ ಸರಿಸಿದರಂತೆ. ಆ ಚಹಾದ ರುಚಿಯನ್ನು ಅಪ್ಪ ನಲವತ್ತು ವರ್ಷ ವರ್ಣಿಸಿದ್ದಾರೆ. ನಾನು ಶಾಲೆಗೆ ಹೋಗುವಾಗಲೇ ಅದನ್ನು ಕೇಳಿ ಕೇಳಿ ಬೇಸತ್ತು, ಕನ್ನಡಿ ಎಂಬ ಮಾತು ಬಂದ ಕೂಡಲೇ ಎದ್ದು ಹೋಗುತ್ತಿದ್ದೆ.

ಓಡಿಹೋಗುತ್ತಿದ್ದದ್ದು ಕಾಲೊನಿಯ ಸಿಮೆಂಟಿನ ಅಂಗಳಕ್ಕೆ. ಹದಿನಾರಕ್ಕೇ ಆರಡಿ ಮೂರಿಂಚು ಬೆಳೆದಿದ್ದೆ. ಬುಟ್ಟಿಗೆ ತಾಗಿ ಸಿಡಿದು ಬರುವ ಚೆಂಡನ್ನು ಎಲ್ಲರ ತಲೆಯ ಮೇಲಿನಿಂದ ಕಿತ್ತುಕೊಳ್ಳುವುದು, ಅದೊಂದೇ ನನಗೆ ಬರುತ್ತಿದ್ದ ವಿದ್ಯೆ. ಆ ವಿದ್ಯೆಯ ಮೇಲೆ ಬ್ಯಾಂಕಿನಲ್ಲಿ ಕ್ರೀಡಾ ಕೋಟಾದ ನೌಕರಿ ಸಿಕ್ಕಿತು. ಎಂಟು ವರ್ಷ ಬ್ಯಾಂಕಿನ ತಂಡಕ್ಕೆ ಆಡಿದೆ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಒಂದು ಪಂದ್ಯದಲ್ಲಿ ಜಿಗಿದು ಇಳಿಯುವಾಗ ಬೇರೆಯವನ ಪಾದದ ಮೇಲೆ ಇಳಿದೆ. ಬಲ ಮೊಣಕಾಲಿನಲ್ಲಿ ಎರಡು ಎಲುಬಿನ ನಡುವಿನ ಮೆತ್ತೆ ಹರಿದಿದೆ ಎಂದು ಡಾಕ್ಟರು ಹೇಳಿದರು. ಮನೆಯಲ್ಲಿ ಉಳುಕು ಎಂದೆ. ಬ್ಯಾಂಕಿನಲ್ಲೂ ಉಳುಕು ಎಂದೆ. ಗುಳಿಗೆ ನುಂಗಿ ಆಡುವುದು ರೂಢಿಯಾಯಿತು.

ಹಾಗೆ ಗುಳಿಗೆ ನುಂಗಿಯೇ ಪುಣೆಯ ಒಂದು ಪಂದ್ಯಾವಳಿಯಲ್ಲಿ ನಾಲ್ಕು ದಿನ ಹುಚ್ಚನಂತೆ ಆಡಿದೆ. ಏನಾಗಿತ್ತೋ ಆ ನಾಲ್ಕು ದಿನ, ಚೆಂಡು ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. ಹೊಸ ಲೀಗಿಗೆಂದು ಸಂಭಾಜಿನಗರದಲ್ಲಿ ತಂಡ ಕಟ್ಟುತ್ತಿದ್ದವರು ಅಲ್ಲಿ ಕೂತು ನೋಡಿದ್ದರು. ಎರಡು ವರ್ಷದ ಕರಾರು ಮುಂದಿಟ್ಟರು. ಮೂವತ್ತು ತುಂಬಿದ ನನ್ನಂಥವನಿಗೆ ಯಾರೂ ಕೊಡದಷ್ಟು ಹಣ. ನಾನು ಬ್ಯಾಂಕಿನ ನೌಕರಿಗೆ ರಾಜೀನಾಮೆ ಕೊಟ್ಟೆ. ಅವ್ವ ಕಾಲೊನಿಗೆಲ್ಲ ಪೇಢೆ ಹಂಚಿದಳು. ಅಪ್ಪ ಪೇಢೆ ಬಾಯಿಗೆ ಹಾಕಿಕೊಂಡು ಒಂದೇ ಮಾತು ಕೇಳಿದರು.

"ಇಷ್ಟ್ ರೊಕ್ಕಾ ಕೊಡೋರು ನೋಡೇ ತಗೋತಾರ. ನಿಂದು ಎಲ್ಲಾ ತೋರಿಸೀಯಿಲ್ಲೋ?"

ತೋರಿಸುತ್ತೇನೆ, ನಾಳೆ ವೈದ್ಯಕೀಯ ಪರೀಕ್ಷೆ ಇದೆ ಎಂದೆ. ಮರುದಿನ ಬೆಳಿಗ್ಗೆ ಹೊರಡುವ ಮೊದಲು ನಾಶಿಕದ ಪರಿಚಯದ ಡಾಕ್ಟರ ಹತ್ತಿರ ಹೋಗಿ, ಮದುವೆಗೆ ಹೋಗುವುದಿದೆ, ಬಹಳ ಹೊತ್ತು ನಿಲ್ಲಬೇಕು ಎಂದು ಸುಳ್ಳು ಹೇಳಿ ಮೊಣಕಾಲಿಗೆ ಇಂಜೆಕ್ಷನ್ ಹಾಕಿಸಿಕೊಂಡೆ. ಯೇವಲಾ ದಾಟುವಷ್ಟರಲ್ಲಿ ಕಾಲು ನನ್ನದಲ್ಲವೇನೋ ಎಂಬಷ್ಟು ಹಗುರವಾಗಿತ್ತು.

ಪರೀಕ್ಷೆ ಮಾಡಿದವನು ಸೋನವಣೆ. ತಂಡದ ಫಿಸಿಯೊ, ಸಟಾಣಾದವನು, ದಾಳಿಂಬೆ ಬೆಳೆಯುವವರ ಮನೆಯ ಮಗ. ಇಪ್ಪತ್ತಾರರ ತರುಣ, ಅದು ಅವನ ಮೊದಲ ದೊಡ್ಡ ಕೆಲಸ. ಒಂದು ದಿನ ಭಾರತ ತಂಡದ ಜೊತೆ ಪರದೇಶಕ್ಕೆ ಹೋಗಬೇಕು ಎಂದು ಆಸೆ ಇಟ್ಟುಕೊಂಡಿದ್ದ. ನನ್ನನ್ನು ಒಂಟಿ ಕಾಲಿನಲ್ಲಿ ಕುಪ್ಪಳಿಸಲು ಹೇಳಿದ, ಕುಕ್ಕರಗಾಲಲ್ಲಿ ಕೂರಿಸಿದ, ಮೊಣಕಾಲನ್ನು ತಿರುವಿ ನೋಡಿದ. ಎಲ್ಲ ಸರಿಯಾಗಿಯೇ ಆಯಿತು. ಆದರೂ ಪೆನ್ನು ಕೈಯಲ್ಲಿ ಹಿಡಿದು, ಹಳೆಯದು ಏನಾದರೂ ಇದೆಯೇ ದಾದಾ ಎಂದು ಕೇಳಿದ. ಅಲ್ಲಿ ಅಣ್ಣನಿಗೆ ದಾದಾ ಎನ್ನುತ್ತಾರೆ. ಇಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಎಡಗಾಲು ಪರೀಕ್ಷಿಸಿ, ಮತ್ತೆ ಅದನ್ನೇ ಕೇಳಿದ. ನಾನು ಏಳುವಾಗ ಮೂರನೇ ಸಲ ಕೇಳಿದ. ಎಷ್ಟು ಸಲ ಕೇಳುತ್ತೀಯೋ ತಮ್ಮಾ, ಹೆಣ್ಣು ಕೊಡುತ್ತೀಯೇನು ಎಂದು ಮರಾಠಿಯಲ್ಲಿ ತಮಾಷೆ ಮಾಡಿದೆ. ಅವನು ನಕ್ಕು ಕಾಗದದ ಮೇಲೆ ಗುರುತು ಹಾಕಿದ. ಆ ಕಾಗದವನ್ನು ನಾನು ಸರಿಯಾಗಿ ನೋಡಲೂ ಇಲ್ಲ.

ಜಾಲನಾ ರಸ್ತೆಯ ಸಿಗ್ನಲ್ಲಿನಲ್ಲಿ ನನ್ನ ದೊಡ್ಡ ಚಿತ್ರ ಹಾಕಿದರು. ಗಾಳಿಯಲ್ಲಿ ತೇಲುತ್ತಿರುವ ನಾನು, ಕೈಯಲ್ಲಿ ಚೆಂಡು. ಊರಿನ ಹೆಸರು ಆಗಷ್ಟೇ ಬದಲಾಗಿತ್ತು, ಹೊಸ ಹೆಸರು ಇನ್ನೂ ಬಸ್ಸಿನ ಕೆಲವು ಬೋರ್ಡುಗಳಿಗೆ ಬಂದಿರಲಿಲ್ಲ, ನನ್ನ ಚಿತ್ರದ ಕೆಳಗೆ ಮಾತ್ರ ದೊಡ್ಡ ಅಕ್ಷರದಲ್ಲಿತ್ತು. ಆಟೊದವರು ನನ್ನಿಂದ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಗೆ ಈ ಸಲ ಗೆಲ್ಲಿಸಬೇಕು ಎನ್ನುತ್ತಿದ್ದರು. ಅದಕ್ಕಿಂತ ಬಾಡಿಗೆ ಕೊಡುವುದೇ ಎಷ್ಟೋ ಸುಖವಿತ್ತು.

ಜುಲೈ, ಆಗಸ್ಟ್ ತರಬೇತಿ. ನಾಶಿಕದಲ್ಲಿ ಗೋದಾವರಿ ಉಕ್ಕಿತೆಂದು ಅವ್ವ ಫೋನಿನಲ್ಲಿ ಹೇಳುತ್ತಿದ್ದರೆ ಇಲ್ಲಿ ಮೋಡ ಮುಸುಕಿಕೊಂಡು ನಿಂತಿರುತ್ತಿತ್ತು, ಮಳೆ ಮನಸ್ಸು ಬಂದಾಗ ಬರುತ್ತಿತ್ತು. ಬಂದಾಗ ಕ್ರೀಡಾಂಗಣದ ತಗಡಿನ ಮಾಡಿನ ಮೇಲೆ ಎಂಥ ಸದ್ದು ಎಂದರೆ ಕೋಚ್ ಬೈಯುವುದೂ ಕೇಳಿಸುತ್ತಿರಲಿಲ್ಲ. ಆ ಮಳೆ ನನಗೆ ಇಷ್ಟವಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಒಂದು ಗುಳಿಗೆ, ತರಬೇತಿಗೆ ಮೊದಲು ಇನ್ನೊಂದು. ಥಂಡಿ ಹವೆಗೆ ಮೊಣಕಾಲು ಬಿಗಿಯುತ್ತಿತ್ತು. ಉಳಿದವರು ಬರುವುದಕ್ಕೆ ಅರ್ಧ ಗಂಟೆ ಮೊದಲೇ ಬಂದು ಒಬ್ಬನೇ ಓಡಾಡಿ ಅದನ್ನು ಸಡಿಲು ಮಾಡಿಕೊಳ್ಳುತ್ತಿದ್ದೆ. ನನ್ನ ಶ್ರದ್ಧೆಯನ್ನು ನೋಡಿ ಕಲಿಯಿರಿ ಎಂದು ಕೋಚ್ ಉಳಿದ ಆಟಗಾರರಿಗೆ ಹೇಳಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅದನ್ನು ವಿನಯ ಎಂದುಕೊಂಡರು.

ಆಗಸ್ಟ್ ಕೊನೆಗೆ ಒಂದು ಭಾನುವಾರ ನಮ್ಮನ್ನೆಲ್ಲ ಖುಲ್ತಾಬಾದಿನ ಘಾಟಿಗೆ ಕರೆದುಕೊಂಡು ಹೋದರು. ಕೆಳಗಿನಿಂದ ದರ್ಗಾದ ಊರಿನ ತನಕ ಏರುರಸ್ತೆಯನ್ನು ಓಡಿ ಹತ್ತಿ, ಓಡಿ ಇಳಿಯಬೇಕು. ನಾನು ಹೊಟ್ಟೆ ಕೆಟ್ಟಿದೆ ಎಂದು ಬಸ್ಸಿನಲ್ಲೇ ಕೂತೆ. ಕಿಟಕಿಯ ಆಚೆ ಗುಡ್ಡವೆಲ್ಲ ಹಸಿರು, ಬುಟ್ಟಿ ಇಟ್ಟುಕೊಂಡು ಪೇರಲ ಮಾರುವ ಹೆಂಗಸರು. ಸೋನವಣೆ ಎರಡು ಪೇರಲ ತೆಗೆದುಕೊಂಡು ಬಂದು ನನ್ನ ಪಕ್ಕ ಕೂತ. ಒಂದನ್ನು ನನ್ನ ಕೈಗೆ ಕೊಟ್ಟು, ಹತ್ತುವಾಗ ನೋಯುತ್ತದೋ ಇಳಿಯುವಾಗ ನೋಯುತ್ತದೋ ಎಂದು ಮೆಲ್ಲಗೆ ಕೇಳಿದ. ತಿಂದಾಗ ನೋಯುತ್ತದೆ, ಹೊಟ್ಟೆ ಅಲ್ಲವೇ ಎಂದೆ. ಅವನು ನಗಲಿಲ್ಲ. ಏನಾದರೂ ಇದ್ದರೆ ಈಗ ಹೇಳಿ ದಾದಾ, ಪಂದ್ಯ ಶುರುವಾಗಲು ಇನ್ನೂ ಮೂರು ವಾರ ಇದೆ, ಇಬ್ಬರೂ ಸೇರಿ ಪಾಠಕ್ ಸಾಹೇಬರ ಹತ್ತಿರ ಹೋಗೋಣ ಎಂದ. ಪಾಠಕ್ ಎಂದರೆ ತಂಡದ ಮ್ಯಾನೇಜರ್, ನನ್ನ ಕರಾರಿಗೆ ಸಹಿ ಹಾಕಿದವರು. ನಾನು ಪೇರಲ ಕಚ್ಚಿದೆ. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲ. ಅಪ್ಪ ಹತ್ತು ನಿಮಿಷ ನಿಂತು ಯೋಚಿಸಿ ಹೋಗಿ ಹೇಳಿದರಲ್ಲ, ನನಗೆ ಸಿಕ್ಕ ಹತ್ತು ನಿಮಿಷ ಅದೇ ಆಗಿತ್ತು. ಪೇರಲ ತಿಂದು ಮುಗಿಸಿ, ಬೀಜ ಗಟ್ಟಿ ಇವೆ ಎಂದೆ.

ಗಣಪತಿ ಮುಳುಗಿಸಿದ ಮೇಲೆ ಪಂದ್ಯಗಳು ಶುರುವಾದವು. ಮೊದಲ ಪಂದ್ಯದ ದಿನ ಮತ್ತೊಂದು ಇಂಜೆಕ್ಷನ್ ಹಾಕಿಸಿಕೊಂಡಿದ್ದೆ. ಚೆನ್ನಾಗಿಯೇ ಆಡಿದೆ. ಜನ ಎದ್ದು ನಿಂತು ಕೂಗಿದರು. ಎರಡನೇ ಪಂದ್ಯದಿಂದ ಇಳಿಯಲು ಶುರುವಾದದ್ದು ಮತ್ತೆ ಏರಲಿಲ್ಲ. ಚೆಂಡು ಸಿಡಿದು ಮೇಲೆ ಹೋದಾಗ ನನ್ನ ಕಣ್ಣು ಅದರ ಜೊತೆ ಹೋಗುತ್ತಿತ್ತು, ಕಾಲು ನೆಲದಲ್ಲೇ ಉಳಿಯುತ್ತಿತ್ತು. ಯಾವ ಚೆಂಡಿಗೆ ಜಿಗಿಯಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕತೊಡಗಿದೆ. ಲೆಕ್ಕ ಹಾಕುವವನ ಕೈಗೆ ಚೆಂಡು ಸಿಕ್ಕುತ್ತದೆಯೇ? ನನಗಿಂತ ಗೇಣು ಕುಳ್ಳಗಿದ್ದವರು ನನ್ನ ಮೂಗಿನ ಮುಂದಿನಿಂದ ಕಿತ್ತುಕೊಂಡು ಹೋಗುತ್ತಿದ್ದರು. ಸಾಲಾಗಿ ನಾಲ್ಕು ಪಂದ್ಯ ಸೋತೆವು. ಐದನೆಯದರಲ್ಲಿ ಗ್ಯಾಲರಿಯಿಂದ ಒಬ್ಬ ನನ್ನನ್ನು "ಮಹಾಗ್ ಕಾಂದಾ" ಎಂದು ಕೂಗಿದ. ತುಟ್ಟಿ ಉಳ್ಳಾಗಡ್ಡಿ. ಈರುಳ್ಳಿಗೆ ಹೆಸರಾದ ನಾಶಿಕದ ಕಡೆಯಿಂದ ಬಂದವನಿಗೆ ಇದಕ್ಕಿಂತ ಹೊಂದುವ ಹೆಸರು ಯಾರು ಕೊಟ್ಟಾರು? ಸುತ್ತಲಿನವರೆಲ್ಲ ನಕ್ಕರು, ನನಗೂ ಒಂದು ಕ್ಷಣ ನಗು ಬಂತು. ಆಮೇಲಿನ ಪಂದ್ಯಕ್ಕೆ ಅರ್ಧ ಗ್ಯಾಲರಿ ಅದನ್ನೇ ತಾಳ ಹಾಕಿ ಕೂಗುತ್ತಿತ್ತು. ಆಟೊದವರು ಬಾಡಿಗೆ ತೆಗೆದುಕೊಳ್ಳತೊಡಗಿದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಜನ ನನ್ನನ್ನು ಸೋಮಾರಿ ಎಂದುಕೊಂಡಿದ್ದರು, ಹಣ ಬಂದ ಮೇಲೆ ಮೈ ಬಗ್ಗುತ್ತಿಲ್ಲ ಎಂದು ಪತ್ರಿಕೆಯಲ್ಲೂ ಬಂತು. ಅದು ನಿಜವಲ್ಲ. ಆ ಹಣಕ್ಕೆ ಯೋಗ್ಯನಾಗಬೇಕೆಂದು ನಾನು ಒದ್ದಾಡಿದಷ್ಟು ಜೀವನದಲ್ಲಿ ಮತ್ತಾವುದಕ್ಕೂ ಒದ್ದಾಡಿಲ್ಲ. ಆದರೆ ಒದ್ದಾಟವನ್ನೆಲ್ಲ ಮುಚ್ಚಿಡುವುದಕ್ಕೇ ಖರ್ಚು ಮಾಡಿದೆ. ಆಡುವುದಕ್ಕೆ ಏನೂ ಉಳಿಯಲಿಲ್ಲ.

ದಸರೆ ಕಳೆದ ಮೇಲೆ ಅಪ್ಪ ಪಂದ್ಯ ನೋಡಲು ಬಂದರು. ಮನ್ಮಾಡಿನ ಮೇಲೆ ಹಾದು ಬರುವ ರೈಲಿನಲ್ಲಿ, ಅವ್ವ ಕಟ್ಟಿದ ಚುರುಮುರಿ ಚೂಡಾದ ಡಬ್ಬಿ ಹಿಡಿದುಕೊಂಡು. ಬಾಸ್ಕೆಟ್‌ಬಾಲ್ ಅವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಗ್ಯಾಲರಿಯಲ್ಲಿ ಕೂತು, ವಿಮಾನದ ಚಕ್ರ ನೋಡುವಂತೆ ನನ್ನ ಕಾಲುಗಳನ್ನಷ್ಟೇ ನೋಡಿದ್ದಾರೆ. ಸುತ್ತಲೂ ಉಳ್ಳಾಗಡ್ಡಿಯ ಕೂಗು ಎದ್ದಾಗ ಪಕ್ಕದವನನ್ನು ಯಾರಿಗೆ ಹಾಗನ್ನುತ್ತಾರೆ ಎಂದು ಕೇಳಿದರಂತೆ. ಅವನು ನನ್ನತ್ತ ಕೈ ತೋರಿಸಿದ. ಪಂದ್ಯ ಸೋತೆವು. ಆಮೇಲೆ ಜೋಳದ ಭಾಕರಿ ಸಿಗುವ ಖಾನಾವಳಿಗೆ ಕರೆದುಕೊಂಡು ಹೋದೆ. ಭಾಕರಿ ನಮ್ಮ ಕಡೆಯ ರೊಟ್ಟಿಗಿಂತ ದಪ್ಪಗಿದೆ ಎಂದು ತಕರಾರು ಮಾಡುತ್ತಲೇ ಎರಡು ತಿಂದರು. ಮೂರನೆಯದನ್ನು ಮುರಿಯುತ್ತ, ತಲೆ ಎತ್ತದೆ ಹೇಳಿದರು.

"ಬಲಗಾಲ ಮ್ಯಾಲ ಇಳೀವಲ್ಲಿ ನೀ."

"ಬೂಟ ಹೊಸಾವ ಅದಾವ್ರಿ. ಇನ್ನಾ ಹೊಂದಿಲ್ಲ."

ಅಪ್ಪ, ಕಡಲೆಹಿಟ್ಟಿನ ಝುಣಕಾ ಬಡಿಸಲು ಬಂದವನಿಗೆ ಸಾಕು ಎಂದು ಕೈ ಅಡ್ಡ ಹಿಡಿದರು. ಅವನು ಹೋದ ಮೇಲೆ ನನ್ನ ಮುಖ ನೋಡಿ ಕೇಳಿದರು.

"ಎಣಿಕಿ ಸರಿ ಐತೇನು?"

"ಸರಿ ಐತ್ರಿ ಅಪ್ಪಾ."

ಹಲಗೆಯ ಮುಂದೆ ನಿಂತು ನಲವತ್ತು ವರ್ಷ ಎಣಿಸಿದ ಮನುಷ್ಯನಿಗೆ ಖಾಲಿ ಗುರುತು ಕಾಣದೆ ಇದ್ದೀತೇ? ಕಂಡಿತ್ತು. ನಾನೇ ಹೇಳಲಿ ಎಂದು ಕಾದರು. ನಾನು ಹೇಳಲಿಲ್ಲ. ಮರುದಿನ ಸ್ಟೇಷನ್ನಿನಲ್ಲಿ ಚೂಡಾದ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಜಪೂನ್ ಎಂದಷ್ಟೇ ಹೇಳಿ ರೈಲು ಹತ್ತಿದರು. ಜೋಪಾನ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಮರಾಠಿಯ ಆ ಮಾತೇ ಬಳಕೆಯಲ್ಲಿತ್ತು.

ನವೆಂಬರಿನ ಎರಡನೇ ವಾರ, ಚಳಿ ಆಗಷ್ಟೇ ಬಿದ್ದಿತ್ತು. ನಮ್ಮ ನೆಲದಲ್ಲೇ ಪಂದ್ಯ. ಆ ದಿನ ಲೆಕ್ಕ ಬಿಟ್ಟು ಆಡಬೇಕು ಎಂದು ನಿಶ್ಚಯಿಸಿದ್ದೆ. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಆರು ಸಲ ಎಲ್ಲರಿಗಿಂತ ಮೇಲೆ ಹೋಗಿ ಚೆಂಡು ಕಿತ್ತಿದ್ದೆ. ಗ್ಯಾಲರಿಯ ಕೂಗು ನಿಂತಿತ್ತು, ಕೆಲವರು ಚಪ್ಪಾಳೆ ತಟ್ಟತೊಡಗಿದ್ದರು. ಏಳನೇ ಸಲ ಇಳಿಯುವಾಗ ಬಲಗಾಲನ್ನು ಕಾಯುವುದು ಮರೆತು ಎರಡೂ ಕಾಲಿನ ಮೇಲೆ ಇಳಿದೆ. ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು. ಮೊದಲು ಓಡಿ ಬಂದವನು ಸೋನವಣೆ. ನನ್ನ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು, ಏನೂ ಆಗಿಲ್ಲ ದಾದಾ, ಏನೂ ಆಗಿಲ್ಲ ಎನ್ನುತ್ತಿದ್ದ. ಅವನಿಗೆ ಅಳು ಬಂದಿತ್ತು.

ಸ್ಕ್ಯಾನಿನಲ್ಲಿ ಹೊಸ ಹರಕಿನ ಜೊತೆ ಹಳೆಯ ಹರಕೂ ಕಾಣಿಸಿತು. ಇದು ವರ್ಷಗಳ ಹಿಂದಿನದು ಎಂದು ಡಾಕ್ಟರು ಬರೆದುಕೊಟ್ಟರು. ನಾಲ್ಕು ದಿನ ಬಿಟ್ಟು ಪಾಠಕ್ ಸಾಹೇಬರು ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ನಾನು ಊರುಗೋಲು ಗೋಡೆಗೆ ಒರಗಿಸಿ ಕೂತೆ, ಸೋನವಣೆ ನಿಂತೇ ಇದ್ದ. ಇದು ಪರೀಕ್ಷೆಯಲ್ಲಿ ಹೇಗೆ ತಪ್ಪಿತು ಎಂದು ಅವರು ಅವನನ್ನು ಕೇಳಿದರು. ಅವನು ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ. ಘಾಟಿಯ ಬಸ್ಸಿನಲ್ಲಿ ನೋಡಿದ ಹಾಗೆಯೇ. ಪಾಠಕರು ನನ್ನ ಕಡೆ ತಿರುಗಿ, ನಿಮಗೆ ಮೊದಲಿನಿಂದ ನೋವಿತ್ತೇ ಎಂದು ನೇರವಾಗಿ ಕೇಳಿದರು.

ಹಳೆಯ ಪೆಟ್ಟನ್ನು ಮುಚ್ಚಿಟ್ಟಿದ್ದರೆ ಕರಾರು ರದ್ದು ಎಂದು ಕಾಗದದಲ್ಲಿ ಬರೆದಿತ್ತು. ಮುಂಗಡವಾಗಿ ಬಂದ ಹಣವನ್ನು ನಾಶಿಕದಲ್ಲಿ ಮನೆಗೆ ಹಾಕಿಯಾಗಿತ್ತು. ಇದೆಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಹಣವಲ್ಲ. ಗಾಳಿಯಲ್ಲಿ ತೇಲುವ ಆ ಚಿತ್ರ ಪಾಠಕರ ಬೆನ್ನ ಹಿಂದಿನ ಗೋಡೆಯ ಮೇಲೆ ಇತ್ತು. ಅದರ ಮುಂದೆ ಕೂತು ನಾನು ಕಳ್ಳ ಎಂದು ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ.

"ಇರಲಿಲ್ಲ," ಎಂದೆ.

ಆ ವಾರವೇ ಸೋನವಣೆಯನ್ನು ತೆಗೆದರು. ಅಜಾಗರೂಕತೆ ಎಂದು ಕಾರಣ ಬರೆದರು. ಹೊರಡುವ ದಿನ ಅವನು ನನ್ನ ಕೋಣೆಗೆ ಬಂದ. ಕೈಯಲ್ಲಿ ಒಂದು ಹಾಳೆ. ಆಪರೇಷನ್ ಆದ ಮೇಲೆ ಮಾಡಬೇಕಾದ ವ್ಯಾಯಾಮಗಳನ್ನು ಒಂದೊಂದಾಗಿ ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಸಣ್ಣ ಚಿತ್ರ ಬಿಡಿಸಿದ್ದ. ತಪ್ಪಿಸಬೇಡಿ ದಾದಾ ಎಂದ. ನಾನು ಥ್ಯಾಂಕ್ಸ್ ಎಂದೆ. ಅವನ ಕೆಲಸ ತಿಂದು ಹಾಕಿ ನಾನು ಆಡಿದ ಕೊನೆಯ ಮಾತು ಅದು. ಈಗಲೂ ಯಾರಾದರೂ ಆ ಮಾತು ಅಂದರೆ ನನ್ನ ಮೈ ಮುದುಡುತ್ತದೆ. ಎರಡನೇ ವರ್ಷ ನನಗೆ ಆಡಲಾಗಲಿಲ್ಲ. ತಂಡದವರು ಮರ್ಯಾದೆಯಿಂದಲೇ ಕಳಿಸಿಕೊಟ್ಟರು, ಹಾರ ಹಾಕಿ ಫೋಟೊ ತೆಗೆಸಿದರು.

ಇಷ್ಟೆಲ್ಲ ಕಳೆದ ತಿಂಗಳು ಆ ಪಡಸಾಲೆಯಲ್ಲಿ ಒಂದೇ ಉಸಿರಿಗೆ ನುಗ್ಗಿ ಬಂತು. ಹುಡುಗಿಯರು ಎರಡನೇ ಸುತ್ತಿನಲ್ಲಿ ಸೋತರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಹಾಡುತ್ತಿದ್ದರೆ ನಾನು ಫೋನಿನಲ್ಲಿ ಸಟಾಣಾದ ಫಿಸಿಯೊಗಳನ್ನು ಹುಡುಕುತ್ತಿದ್ದೆ. ಮೂರು ವರ್ಷದಲ್ಲಿ ಎಂದೂ ಹುಡುಕಿರಲಿಲ್ಲ. ಎರಡು ನಿಮಿಷದಲ್ಲಿ ಸೋನವಣೆಯ ವಿಳಾಸ ಸಿಕ್ಕಿತು.

ಮುಂದಿನ ಶನಿವಾರ ಬೈಕ್ ತೆಗೆದುಕೊಂಡು ಚಾಂದವಡ, ದೇವಳಾ ದಾಟಿ ಹೋದೆ. ಗೊಬ್ಬರದ ಅಂಗಡಿಯ ಪಕ್ಕ ಎರಡು ಕೋಣೆಯ ದವಾಖಾನೆ. ಹೊರಗಿನ ಬೆಂಚಿನ ಮೇಲೆ ಒಬ್ಬ ಮುದುಕಿ, ದಾಳಿಂಬೆ ತೋಟದಲ್ಲಿ ಕೆಲಸ ಮಾಡುವ ಇಬ್ಬರು ಹೆಂಗಸರು. ನಾನು ಅವರ ಪಕ್ಕ ಪಾಳಿ ಹಿಡಿದು ಕೂತೆ. ಸೋನವಣೆ ಒಮ್ಮೆ ಹೊರಗೆ ಇಣುಕಿದ. ನನ್ನ ಎತ್ತರದವನನ್ನು ಗುರುತು ಹಿಡಿಯಲು ಕಷ್ಟವೇನಿಲ್ಲ. ಆದರೂ ಮೊದಲು ಮುದುಕಿಯನ್ನು ಒಳಗೆ ಕರೆದ. ನನ್ನ ಪಾಳಿ ಬಂದಾಗ ಎಲ್ಲರಿಗೂ ಹೇಳುವಂತೆ ಕೂರಿ ಎಂದ. ಸ್ವಲ್ಪ ದಪ್ಪಗಾಗಿದ್ದ, ಕನ್ನಡಕ ಬಂದಿತ್ತು. ಹೇಗಿದ್ದೀಯ ಎಂದೆ. ಇಲ್ಲಿ ಯಾರೂ ಜಿಗಿಯುವುದಿಲ್ಲ ದಾದಾ, ಎಲ್ಲರೂ ಬಗ್ಗುವವರೇ, ಸೊಂಟ ನೋಡಿ ನೋಡಿ ಮೊಣಕಾಲು ಮರೆತಿದ್ದೇನೆ ಎಂದ. ಆಮೇಲೆ ಬೇರೆ ಯಾವ ತಂಡವೂ ಅವನನ್ನು ಕರೆಯಲಿಲ್ಲವಂತೆ. ಅದನ್ನು ದೂರಿನ ಹಾಗೆ ಹೇಳಲಿಲ್ಲ. ನನ್ನ ಬಲ ಮೊಣಕಾಲನ್ನು ಹಿಡಿದು, ಪೆನ್ನು ತೆಗೆದು, ಹೊಸ ರೋಗಿಯನ್ನು ಕೇಳುವಂತೆ ಕೇಳಿದ.

"ಎಷ್ಟು ದಿನದಿಂದ ಇದೆ?"

ಹೇಳಿದೆ. ಅವನ ಪರೀಕ್ಷೆಗೂ ಎರಡು ವರ್ಷ ಮೊದಲಿನಿಂದ ಇತ್ತು ಎಂದೆ. ಆ ಬೆಳಿಗ್ಗೆ ನಾಶಿಕದಲ್ಲಿ ಹಾಕಿಸಿಕೊಂಡ ಇಂಜೆಕ್ಷನ್ನು, ಗುಳಿಗೆಗಳು, ಘಾಟಿಯ ದಿನದ ಹೊಟ್ಟೆನೋವು, ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಬರೆದುಕೊಂಡ. ಬರೆದು ಮುಗಿಸಿ ಪೆನ್ನಿಗೆ ಟೊಪ್ಪಿಗೆ ಹಾಕಿದ.

"ಆ ಕಾಗದದ ಮೇಲೆ ಮೂರು ಚೌಕ ಇದ್ದವು, ದಾದಾ," ಎಂದ. "ಆಡಬಹುದು, ಆಡಬಾರದು, ವಿಶ್ರಾಂತಿ ಕೊಟ್ಟು ಆಡಿಸಬಹುದು. ಮೂವತ್ತು ದಾಟಿದವರು, ಏನಾದರೂ ಇದ್ದೇ ಇರುತ್ತದೆ ಎಂದು ಪಾಠಕ್ ಸಾಹೇಬರಿಗೆ ಮೊದಲೇ ಹೇಳಿದ್ದೆ. ಇದ್ದರೆ ಎರಡು ತಿಂಗಳು ಕಾಯೋಣ, ಕರಾರು ಬಿಡುವುದು ಬೇಡ ಎಂದಿದ್ದರು. ನಾನು ಮೂರು ಸಲ ಕೇಳಿದೆನಲ್ಲ, ಮೂರನೇ ಚೌಕದ ಮೇಲೆ ಪೆನ್ನು ಇಟ್ಟುಕೊಂಡೇ ಕೇಳಿದ್ದೆ."

ನಾನು ಹೇಳಿದ ಸುಳ್ಳು ಬೇಕಾಗಿಯೇ ಇರಲಿಲ್ಲ. ಯಾವುದನ್ನು ಉಳಿಸಿಕೊಳ್ಳಲು ಅವನನ್ನು ಬಲಿ ಕೊಟ್ಟೆನೋ ಅದು ನಿಜ ಹೇಳಿದ್ದರೆ ತಾನಾಗಿಯೇ ಉಳಿಯುತ್ತಿತ್ತು, ಅವನೂ ಉಳಿಯುತ್ತಿದ್ದ. ಪಾಠಕರಿಗೆ ಈಗಲೇ ಎಲ್ಲ ಬರೆದು ಕಳಿಸುತ್ತೇನೆ ಎಂದೆ. ಆ ತಂಡ ಮುಚ್ಚಿ ಹೋಗಿ ವರ್ಷವಾಯಿತು, ಪಾಠಕರು ಎಲ್ಲಿದ್ದಾರೋ ಗೊತ್ತಿಲ್ಲ ಎಂದ. ಕ್ಷಮಿಸು ಎಂದೆ. ಅವನು ಖಾನೆಯಿಂದ ಒಂದು ಹಾಳೆ ತೆಗೆದುಕೊಟ್ಟ. ಅವೇ ವ್ಯಾಯಾಮಗಳು, ಅವೇ ಚಿತ್ರಗಳು, ಈಗ ಅಚ್ಚು ಹಾಕಿಸಿದ್ದ. ಹದಿನೈದು ದಿನ ಬಿಟ್ಟು ಬನ್ನಿ ಎಂದು ಹೇಳಿ ಮುಂದಿನವರನ್ನು ಕರೆದ.

ಓಝರಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಅವ್ವ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಅಪ್ಪ ಹಲಗೆಯ ಮುಂದೆ ನಿಂತಿದ್ದರು. ಈಗ ಅವರು ಎಣಿಸುವಾಗ ಬೆರಳಿನಿಂದ ಒಂದೊಂದು ಸಾಮಾನನ್ನೂ ಮುಟ್ಟಿ ನೋಡುತ್ತಾರೆ. ನಾನು ಬಾಗಿಲಲ್ಲೇ ನಿಂತು, ಬೂಟನ್ನೂ ಬಿಚ್ಚದೆ, ಖಾನಾವಳಿಯಲ್ಲಿ ಅವರು ಕೇಳಿದ್ದಕ್ಕೆ ಉತ್ತರ ಹೇಳಿದೆ. ಆ ದಿನ ಎಣಿಕೆ ಸರಿ ಇರಲಿಲ್ಲ ಎಂದೆ. ಸೋನವಣೆಯ ಹೆಸರು ಹೇಳಿದೆ, ಆಫೀಸಿನಲ್ಲಿ ನಾನು ಆಡಿದ ಮಾತು ಹೇಳಿದೆ, ಇವತ್ತು ಎಲ್ಲಿಗೆ ಹೋಗಿ ಬಂದೆ ಎಂದೂ ಹೇಳಿದೆ. ಅವರು ಬೆನ್ನು ತಿರುಗಿಸಿಕೊಂಡೇ ಎಲ್ಲ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಹೇಳಿದವನನ್ನು ಬೈಯಬಾರದು ಎಂಬ ಅವರ ನಿಯಮ ನೆನಪಾಗಿ, ನಾಚಿಕೆಗೇಡಿಯ ಹಾಗೆ ಒಂದಿಷ್ಟು ಆಸೆಯೂ ಆಯಿತು. ಸಾಹೇಬರ ಚಹಾದ ಕಪ್ಪು ಕಣ್ಣ ಮುಂದೆ ಬಂತು.

"ಹೇಳಿ ಬಂದ್ಯಾ?" ಎಂದರು.

"ಹೇಳಿ ಬಂದೇನ್ರಿ."

ಕೈಯಲ್ಲಿದ್ದ ಪಾನೆಯನ್ನು ಒರೆಸಿ ಅದರ ಗುರುತಿನ ಮೇಲೆ ನೇತು ಹಾಕಿದರು.

"ವಿಮಾನ ಹಾರಿದ ಮ್ಯಾಲ ಹೇಳಿದಿ," ಎಂದರು. ಮತ್ತೆ ಮೊದಲಿನಿಂದ ಎಣಿಸತೊಡಗಿದರು.